ಹುಬ್ಬಿನಿಂದ ಮೇಲಕ್ಕೆ

ಮಾರ್ಚ್ 3, ಸೋಮವಾರ

ಬಚ್ಚಲ ತೂಬು ಮತ್ತೆ ಕಟ್ಟಿದೆ. ಕೂದಲು, ಇನ್ನೇನು. ವಿಗ್ ಅಂಗಡಿಯ ತೂಬಿನಲ್ಲಿ ಮುತ್ತು ಸಿಗುತ್ತದೆಯೇ. ತೊಳೆಯುವ ಮುಂಚೆ ಜಾಲರಿ ಇಡು ಅಂತ ನಾದಿನಿಗೆ ಹೇಳಿ ಹೇಳಿ ನಾಲಿಗೆ ಸವೆಯಿತು. ‘ಇಟ್ಟಿದ್ದೆ ಅತ್ತಿಗೆ’ ಅಂತಾಳೆ. ಹಾಗಾದರೆ ಕೂದಲಿಗೆ ಕಾಲು ಬಂದಿರಬೇಕು. ತಂತಿ ಹಾಕಿ ಎಳೆದೆ — ಇಲಿಯಷ್ಟು ದಪ್ಪದ ಉಂಡೆ. ತಿಂಡಿ ಬೇಡವೆನ್ನಿಸಿತು. ಆಮೇಲೆ ತಿಂದೆ.

ಹನ್ನೊಂದಕ್ಕೆ ವೆಬ್‌ಸೈಟಿನವಳ ಹತ್ತಿರ. ಝೆರಾಕ್ಸ್ ಅಂಗಡಿಯ ಮೇಲಿನ ರೂಮು. ಎರಡು ಕಂಪ್ಯೂಟರ್, ಒಂದು ಫ್ಯಾನು, ಕಿಟಕಿಯಲ್ಲಿ ಒಣಗಿದ ಗಿಡ. ನನ್ನದೇ ವಯಸ್ಸಿನ ಹೆಂಗಸು. ಡಿಸೈನ್ ತೋರಿಸಿ ಅಂದರೆ ಪೆನ್ನು ಹಿಡಿದು ಪ್ರಶ್ನೆ ಕೇಳಲು ಕೂತಳು.

‘ನಿಮ್ಮ ವೆಬ್‌ಸೈಟಿಗೆ ಬರೋರು ಯಾರು ಮೇಡಂ?’

‘ಬೋಳಾದೋರು.’

ನಗಲಿಲ್ಲ. ಬರೆದುಕೊಂಡಳು. ‘ಬಂದು ಏನು ಮಾಡಬೇಕು?’

‘ಫೋನ್ ಮಾಡಬೇಕು.’

‘ಮಾಡದೇ ಹೋಗ್ತಾರಲ್ಲ, ಅವರು ಯಾಕೆ ಹೋಗ್ತಾರೆ? ಯಾವುದಕ್ಕೆ ಹೆದರ್ತಾರೆ?’

ಇದಕ್ಕೆ ಯೋಚಿಸಬೇಕಾಗಲಿಲ್ಲ. ನಮ್ಮ ಗಿರಾಕಿಗಳೆಲ್ಲ ಬೀದಿಯ ಎರಡೂ ಕಡೆ ನೋಡಿಕೊಂಡೇ ಹೊಸಿಲು ದಾಟುವವರು. ‘ಯಾರಿಗಾದ್ರೂ ಗೊತ್ತಾಗತ್ತೆ ಅಂತ’ ಅಂದೆ.

‘ಹಾಗಾದ್ರೆ ಅದೇ ಮೊದಲ ಸಾಲು. ಯಾರಿಗೂ ಗೊತ್ತಾಗುವುದಿಲ್ಲ. ದೊಡ್ಡ ಅಕ್ಷರ. ಕೆಳಗೆ ಒಂದು ಫೋಟೋ, ಒಂದು ಫೋನ್ ಬಟನ್. ಸಾಕು.’

ನಾನು ತಿರುಗುವ ವಿಗ್ಗು, ಹಾರಿ ಬರುವ ಅಕ್ಷರ, ಹಿಂದೆ ಒಂದು ಮ್ಯೂಸಿಕ್ — ಎಲ್ಲ ಹೇಳಬೇಕೆಂದು ಹೋಗಿದ್ದೆ. ‘ಅದೆಲ್ಲ ತೆರೆಯೋಷ್ಟರಲ್ಲಿ ಗಿರಾಕಿ ಇನ್ನೊಂದು ಅಂಗಡಿಯಲ್ಲಿರ್ತಾನೆ’ ಅಂದಳು. ಬಾಯಿ ಮುಚ್ಚಿಕೊಂಡೆ. ತಲೆ ಇದೆ ಇವಳಿಗೆ.

ಮಾರ್ಚ್ 5, ಬುಧವಾರ

ಎದುರಿನ ಕನ್ನಡಕದ ಅಂಗಡಿಯವನ ತಾಯಿ ಬಂದಿದ್ದರು. ವಿಗ್ಗಿಗಲ್ಲ. ಹೆಣ್ಣು ಕೇಳಲು!

ನಮ್ಮ ನಾದಿನಿಯನ್ನು. ಮಗ ಬಾಯಿ ಬಿಟ್ಟು ಹೇಳಿದನಂತೆ, ಆಗುವುದಾದರೆ ಅವಳನ್ನೇ ಅಂತ. ಇವನು ಆಗಾಗ ಬಂದು ‘ಸ್ವಲ್ಪ ದಾರ ಸಿಗತ್ತಾ’ ಅಂತ ಕೇಳುತ್ತಿದ್ದುದು ಇದಕ್ಕೆ! ಕನ್ನಡಕದವನಿಗೆ ಯಾವ ದಾರ? ನನಗೆ ಅನುಮಾನ ಬರಬೇಕಿತ್ತು.

ಮುದುಕಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೆನ್ನ ಮೇಲೆ ಕೈಯಾಡಿಸಿದ್ದೇ ಆಡಿಸಿದ್ದು. ‘ಎಂಥಾ ಕೂದಲು ಕಣಮ್ಮ ನಿಂದು! ಈಗಿನ ಕಾಲದ ಹುಡುಗೀರಲ್ಲಿ ಹೀಗೆ ನೋಡೇ ಇಲ್ಲ.’

ನಾನು ಕಾಫಿ ಲೋಟಗಳನ್ನು ಎತ್ತಿಕೊಂಡು ಅಡುಗೆಮನೆಗೆ ಓಡಿದೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಅದು ಅವಳದೇ ಕೈಕೆಲಸ. ಮೂರು ಜನರ ಕೂದಲು ಸೇರಿದೆ ಅದರಲ್ಲಿ.

ಶಾಲೆ ಮುಗಿಸುವಷ್ಟರಲ್ಲಿ ಅವಳ ತಲೆಯ ಒಂದೊಂದು ಎಳೆಯೂ ಉದುರಿ ಹೋಯಿತಂತೆ. ಯಾವ ಡಾಕ್ಟರಿಗೂ ಬಗ್ಗಲಿಲ್ಲ. ಹುಬ್ಬು ಮಾತ್ರ ಉಳಿದಿದೆ. ಬೀದಿಯಲ್ಲಿ ಒಂದು ನರಪಿಳ್ಳೆಗೂ ಗೊತ್ತಿಲ್ಲ. ಸೊಸೆಯಾಗಿ ಬಂದ ನನಗೇ ಎಷ್ಟೋ ತಿಂಗಳು ಗೊತ್ತಾಗಿರಲಿಲ್ಲ — ಅಷ್ಟು ಚೆನ್ನಾಗಿ ಕಟ್ಟುತ್ತಾಳೆ. ಕೌಂಟರ್ ನನ್ನದು, ಹಿಂದಿನ ಕೋಣೆ ಅವಳದು. ಕೊಕ್ಕೆಸೂಜಿಯಲ್ಲಿ ಒಂದೊಂದೇ ಎಳೆ ತೆಗೆದು ಬಲೆಗೆ ಗಂಟು ಹಾಕುತ್ತ ಕೂತರೆ ಕರೆದರೂ ಕೇಳಿಸದು.

ಮುದುಕಿ ಹೋಗುವಾಗ ಇನ್ನೊಂದು ಮಾತು ಹೇಳಿದರು. ಮಗ ಬೇರೆ ಊರಲ್ಲಿ ದೊಡ್ಡ ಅಂಗಡಿ ಹಾಕುತ್ತಿದ್ದಾನಂತೆ. ಮದುವೆಯಾದ ಮೇಲೆ ಅಲ್ಲೇ.

ಅಲ್ಲೇ!

ಮಾರ್ಚ್ 6, ಗುರುವಾರ

ಇವರಿಗೆ ನೆಲದ ಮೇಲೆ ಕಾಲಿಲ್ಲ. ತಂಗಿಯ ಮದುವೆ, ತಂಗಿಯ ಮದುವೆ. ಬೆಳಿಗ್ಗೆಯಿಂದ ಶಿಳ್ಳೆ.

‘ರೀ, ಅವಳು ಹೋದ್ರೆ ಕಟ್ಟೋರು ಯಾರು?’ ಅಂದೆ.

‘ಯಾರನ್ನಾದ್ರೂ ಇಟ್ಕೊಂಡ್ರಾಯ್ತು.’

‘ಯಾರನ್ನ? ನಿಮ್ಮನ್ನಾ? ನಿಮಗೆ ಷರ್ಟಿನ ಗುಂಡಿ ಹೊಲಿಯೋಕೆ ಬರಲ್ಲ.’

‘ಅವಳ ಬಾಳು ಕಣೇ ಅದು.’

ಬಾಳಂತೆ. ನನ್ನದೇನು, ಬಾಡಿಗೆಗೆ ತಂದದ್ದೇ? ಈ ಅಂಗಡಿಯನ್ನು ಧೂಳು ಹಿಡಿದಲ್ಲಿಂದ ಎತ್ತಿ ನಿಲ್ಲಿಸಿದ್ದು ನಾನು. ಬಂದವರ ಕಣ್ಣೀರು ಒರೆಸಿ, ಹರಟಿ, ಕನ್ನಡಿ ಹಿಡಿದು ನಿಂತದ್ದು ನಾನು. ಈಗ ವೆಬ್‌ಸೈಟ್ ಮಾಡಿಸುತ್ತಿದ್ದೇನೆ, ನಾಳೆ ಫೋನ್ ಮೇಲೆ ಫೋನ್ ಬರುತ್ತದೆ, ಆಗ ಏನು ಹೇಳಲಿ — ಕಟ್ಟುವವಳು ಗಂಡನ ಮನೆಗೆ ಹೋದಳು, ನೀವು ಟೋಪಿ ಹಾಕಿಕೊಳ್ಳಿ ಅಂತಲೇ?

ಮೈಯೆಲ್ಲ ಉರಿಯುತ್ತಿದೆ. ಅವಳ ಮುಖದ ಕಳೆ ನೋಡಿದರೆ ಇನ್ನೂ ಉರಿಯುತ್ತದೆ.

ಮಾರ್ಚ್ 8, ಶನಿವಾರ. ಸಂಜೆ

ಅವಳೇ ಬಂದು ನನ್ನ ಪಕ್ಕ ಕೂತಳು. ಬಟ್ಟೆ ಮಡಿಸುತ್ತಿದ್ದೆ. ತಾನೂ ಮಡಿಸತೊಡಗಿದಳು.

‘ಅತ್ತಿಗೆ, ಅವರಿಗೆ ಗೊತ್ತಿಲ್ಲ.’

‘ಏನು?’ ಅಂದೆ. ಗೊತ್ತಿದ್ದೂ. ಅವಳ ಬಾಯಿಂದಲೇ ಬರಲಿ ಅಂತ.

‘ನನ್ನ ತಲೆ.’

ಕನ್ನಡಕದವನು ಹೊಸ ಅಂಗಡಿಯ ಕೆಲಸಕ್ಕೆ ಹೋಗಿದ್ದಾನೆ. ಬರುವುದು ಇಪ್ಪತ್ತಮೂರಕ್ಕೆ, ಭಾನುವಾರ. ಫೋನಿನಲ್ಲಿ ಹೇಳುವ ಮಾತಲ್ಲವಂತೆ. ಎದುರಿಗೆ ಕೂರಿಸಿಕೊಂಡು, ತಾನೇ ವಿಗ್ ತೆಗೆದು ತೋರಿಸುತ್ತಾಳಂತೆ. ‘ನನ್ನ ಬಾಯಿಂದಲೇ ಅವರಿಗೆ ಗೊತ್ತಾಗ್ಬೇಕು ಅತ್ತಿಗೆ. ಬೇಡ ಅಂದ್ರೆ ಬೇಡ. ಆದ್ರೆ ನಾನು ಮುಚ್ಚಿಟ್ಟೆ ಅನ್ನಬಾರದು. ಅದೊಂದೇ.’

‘ಹೇಳು, ಅದಕ್ಕೇನು’ ಅಂದೆ.

‘ಅಲ್ಲಿವರೆಗೆ ನೀವು ಯಾರಿಗೂ...’

‘ನನ್ನ ಬಾಯಿಗೆ ಬೀಗ ಕಣೇ.’

ನನ್ನ ಭುಜಕ್ಕೆ ತಲೆ ಒರಗಿಸಿದಳು. ವಿಗ್ಗಿನ ಅಂಟಿನ ವಾಸನೆ. ಮಡಿಸಿದ ಟವಲನ್ನೇ ಮತ್ತೆ ಬಿಚ್ಚಿ ಮಡಿಸಿದೆ.

ಮಾರ್ಚ್ 10, ಸೋಮವಾರ

ವೆಬ್‌ಸೈಟಿನವಳಿಗೆ ಫೋಟೋ ಬೇಕು. ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು. ನಡುವೆ ಒಂದು ಗೆರೆ, ಬೆರಳಲ್ಲಿ ಎಳೆದರೆ ಬೋಳು ಹೋಗಿ ಕೂದಲು ಬರುತ್ತದೆ. ‘ಇಂಟರ್ನೆಟ್ಟಿನಿಂದ ಎತ್ತಿದ ಫಾರಿನ್ ಫೋಟೋ ಬೇಡ ಮೇಡಂ. ನಿಜವಾದ ಮನುಷ್ಯರನ್ನು ನೋಡಿದ್ರೇನೇ ಜನ ನಂಬೋದು.’

ಗಿರಾಕಿಗಳಿಗೆ ಫೋನ್ ಮಾಡಿದೆ. ಒಬ್ಬರು ಇಟ್ಟೇಬಿಟ್ಟರು. ಒಬ್ಬರು ಅತ್ತರು. ಟೀಚರ್ ಒಬ್ಬರಿದ್ದಾರೆ, ಚಿಕಿತ್ಸೆಯಲ್ಲಿ ಕೂದಲು ಹೋಗಿದೆ, ಜೂನ್‌ನಲ್ಲಿ ಶಾಲೆ ಶುರುವಾಗುವ ಮುಂಚೆ ವಿಗ್ ಬೇಕು ಅಂತ ಅಳತೆ ಕೊಟ್ಟಿದ್ದಾರೆ. ಅವರು ಮಾತ್ರ ಸಮಾಧಾನದಿಂದಲೇ ಕೇಳಿದರು: ‘ನಿಮ್ಮದಾದ್ರೆ ಹಾಕ್ತಿದ್ರಾ?’

ಉಗಿಸಿಕೊಳ್ಳುವುದಕ್ಕೆ ಇನ್ನು ಯಾರೂ ಉಳಿದಿಲ್ಲ. ಅಂದರೆ — ಒಬ್ಬಳು ಉಳಿದಿದ್ದಾಳೆ.

ಮಾರ್ಚ್ 12, ಬುಧವಾರ

ಕೇಳಿದೆ. ಹಣೆಗೆ ಬೆವರು ಬಂತು ಅವಳಿಗೆ.

‘ಬೇಡ ಅತ್ತಿಗೆ.’

‘ಹೋಗುವ ಮುಂಚೆ ಅಂಗಡಿಗೆ ಇಷ್ಟು ಮಾಡಲ್ವಾ? ನಿಮ್ಮಣ್ಣ ಒಬ್ಬರೇ ಹೇಗೆ ನಡೆಸ್ತಾರೆ?’

ಅಣ್ಣನ ಹೆಸರೆತ್ತಿದರೆ ಕರಗುತ್ತಾಳೆ. ಕರಗಿದಳು. ಒಂದೇ ಷರತ್ತು: ಹುಬ್ಬಿನಿಂದ ಮೇಲಕ್ಕೆ ಮಾತ್ರ. ಕಣ್ಣು ಬೇಡ, ಮುಖ ಬೇಡ, ಯಾರೆಂದು ಗುರುತು ಸಿಗಬಾರದು. ‘ಆಣೆ ಮಾಡಿ’ ಅಂದಳು. ಮಾಡಿದೆ. ಅದರಲ್ಲೇನು.

ಕೋಣೆಯ ಬಾಗಿಲು ಹಾಕಿ ಕಿಟಕಿಯ ಹತ್ತಿರ ನಿಲ್ಲಿಸಿದೆ. ವಿಗ್ ತೆಗೆದಳು. ಎಷ್ಟೋ ವರ್ಷದ ಮೇಲೆ ಸರಿಯಾಗಿ ನೋಡಿದ್ದು. ಬೆಳಕು ಬಿದ್ದರೆ ತೊಳೆದಿಟ್ಟ ಬಟ್ಟಲಿನ ಹಾಗೆ ಕಾಣುತ್ತದೆ. ಒಂದು ಸಲ ವಿಗ್ ಇಲ್ಲದೆ, ಒಂದು ಸಲ ವಿಗ್ ಹಾಕಿ. ಮುಖ ಪೂರ್ತಿ ಬರುವ ಹಾಗೇ ತೆಗೆದೆ. ಎರಡೂ ಫೋಟೋ ಒಂದರ ಮೇಲೊಂದು ಸರಿಯಾಗಿ ಕೂರಲು ಕಣ್ಣು ಮೂಗು ಬೇಕು ಅಂದಿದ್ದಳು ವೆಬ್‌ಸೈಟಿನವಳು. ಆಮೇಲೆ ಚೌಕಟ್ಟಿನಲ್ಲಿ ಮರೆಮಾಡುತ್ತಾಳಂತೆ.

ಇಲ್ಲಿಯವರೆಗೆ ನನ್ನ ಮನಸ್ಸಿನಲ್ಲಿ ಏನೂ ಇರಲಿಲ್ಲ. ಬರೆದಿಡುತ್ತೇನೆ. ಏನೂ ಇರಲಿಲ್ಲ.

ಮಾರ್ಚ್ 17, ಸೋಮವಾರ

ಇಬ್ಬರೂ ಹೋಗಿ ನೋಡಿ ಬಂದೆವು. ದೊಡ್ಡ ಪರದೆಯಲ್ಲಿ ವೆಬ್‌ಸೈಟ್ ತೆರೆದಳು. ತಿಳಿನೀಲಿ. ಮೇಲೆ ‘ಯಾರಿಗೂ ಗೊತ್ತಾಗುವುದಿಲ್ಲ’. ಕೆಳಗೆ ಅಗಲವಾದ ಪಟ್ಟಿಯಂಥ ಚೌಕಟ್ಟು, ಅದರಲ್ಲಿ ನಾದಿನಿಯ ನೆತ್ತಿ ಮತ್ತು ಹಣೆ. ಹುಬ್ಬಿಗೆ ಸರಿಯಾಗಿ ಕತ್ತರಿ. ಯಾರದಾದರೂ ತಲೆ ಇರಬಹುದು. ಗೆರೆ ಎಳೆದರೆ ಕೂದಲು ಬೆಣ್ಣೆಯಂತೆ ಹರಡಿಕೊಂಡು ಬರುತ್ತದೆ.

ನಾದಿನಿ ತಾನೇ ಮೌಸ್ ಹಿಡಿದು ಆ ಕಡೆ ಈ ಕಡೆ ಎಳೆದು ನೋಡಿದಳು. ನಕ್ಕಳು. ‘ಪರವಾಗಿಲ್ಲ ಅತ್ತಿಗೆ. ನನಗೇ ಗುರುತು ಸಿಗಲ್ಲ.’

ಅವಳು ಮೆಟ್ಟಿಲಿಳಿದ ಮೇಲೆ ವೆಬ್‌ಸೈಟಿನವಳು ನನ್ನನ್ನು ತಡೆದಳು. ‘ಒಂದು ತೊಂದರೆ ಇದೆ ಮೇಡಂ. ಕಂಪ್ಯೂಟರಿನಲ್ಲಿ ಚೌಕಟ್ಟು ಅಡ್ಡ ಇರತ್ತೆ, ಸರಿಯಾಗಿದೆ. ಮೊಬೈಲಿನಲ್ಲಿ ಅದೇ ಚೌಕಟ್ಟು ಉದ್ದ ಆಗತ್ತೆ. ಆಗ ಪೂರ್ತಿ ಮುಖ ಕಾಣತ್ತೆ.’ ತನ್ನ ಮೊಬೈಲ್ ತೋರಿಸಿದಳು. ಕಣ್ಣು, ಮೂಗು, ಗದ್ದದ ಮಚ್ಚೆ, ಎಲ್ಲ. ‘ನೀವು ವಾಟ್ಸಪ್‌ನಲ್ಲಿ ಕಳಿಸಿದ್ದನ್ನ ಕತ್ತರಿಸಿದ್ರೆ ಮಸುಕಾಗತ್ತೆ. ಒರಿಜಿನಲ್ ಫೋಟೋ ಈಮೇಲ್ ಮಾಡಿ. ಹುಬ್ಬಿನವರೆಗೆ ಕತ್ತರಿಸಿ ಹಾಕ್ತೀನಿ. ಐದು ನಿಮಿಷದ ಕೆಲಸ.’

‘ಕಳಿಸ್ತೀನಿ’ ಅಂದೆ.

ಕೆಳಗೆ ನಾದಿನಿ ಕಾಯುತ್ತಿದ್ದಳು. ‘ಏನಂದ್ರು ಅತ್ತಿಗೆ?’

‘ಏನಿಲ್ಲ. ಬಣ್ಣದ ವಿಷಯ.’

ಮಾರ್ಚ್ 18, ಮಂಗಳವಾರ

ಕಳಿಸಲಿಲ್ಲ. ಕೆಲಸ ಜಾಸ್ತಿ ಇತ್ತು.

ಮಾರ್ಚ್ 19, ಬುಧವಾರ

ಕೆಲಸ ಜಾಸ್ತಿ ಇರಲಿಲ್ಲ.

ಮಧ್ಯಾಹ್ನ ಫೋನ್ ಹಿಡಿದು ಕೂತೆ. ಫೋಟೋ ಆರಿಸಿದೆ. ಕಳಿಸುವ ಬಟನ್ ಒತ್ತಬೇಕು, ಅಷ್ಟೆ. ಹಿಂದಿನ ಕೋಣೆಯಿಂದ ಅವಳು ಗುನುಗುವುದು ಕೇಳಿಸುತ್ತಿತ್ತು. ಇಷ್ಟು ವರ್ಷದಲ್ಲಿ ಅವಳು ಗುನುಗಿದ್ದು ಕೇಳಿಲ್ಲ. ಟೀಚರ್‌ದು ಅರ್ಧ ಆಗಿದೆ, ಇದೇ ಕೊನೆಯದಂತೆ, ಬಿಟ್ಟು ಹೋಗುವ ಮುಂಚೆ ಮುಗಿಸಿಕೊಡುತ್ತಾಳಂತೆ. ದೊಡ್ಡ ಉಪಕಾರ.

ಫೋನ್ ಕೌಂಟರಿನ ಮೇಲೆ ಇಟ್ಟೆ.

ನಾನು ಏನೂ ಮಾಡುತ್ತಿಲ್ಲ. ಮಾಡದೆ ಇರುವುದು ತಪ್ಪು ಹೇಗಾಗುತ್ತದೆ?

ಮಾರ್ಚ್ 20, ಗುರುವಾರ

ವೆಬ್‌ಸೈಟಿನವಳ ಫೋನ್. ‘ಫೋಟೋ ಬರಲಿಲ್ಲ ಮೇಡಂ. ತಿಂಗಳ ಕೊನೆಗೆ ಬಿಡೋದು ಅಂದಿದ್ರಿ, ಟೈಮ್ ಇದೆ. ಆದ್ರೂ ನೆನಪು ಮಾಡಿದೆ.’

‘ನಾಳೆಯೇ ಬಿಟ್ಟುಬಿಡಿ.’

‘ಫೋಟೋ?’

‘ಹಾಗೇ ಇರಲಿ.’

‘ಅವರಿಗೆ ಗೊತ್ತಾ? ಮುಖ ಕಾಣತ್ತೆ ಅಂತ? ಅವತ್ತು ಅವರು ಕಂಪ್ಯೂಟರಿನಲ್ಲಿ ಮಾತ್ರ...’

‘ಮನೆಯವಳು ರೀ ಅವಳು. ನಾನು ಹೇಳಿದ್ದೀನಿ. ಒಪ್ಪಿದ್ದಾಳೆ.’

ಕೂದಲೆಳೆಯಷ್ಟೂ ತಡವರಿಸಲಿಲ್ಲ ನಾನು. ನನಗೇ ಆಶ್ಚರ್ಯ. ಫೋನಿಟ್ಟೆ. ಬಿಸಿಬಿಸಿ ಟೀ ಕುಡಿದೆ.

ಮಾರ್ಚ್ 21, ಶುಕ್ರವಾರ. ಬೆಳಿಗ್ಗೆ

ವೆಬ್‌ಸೈಟ್ ಬಂತು. ಚೆನ್ನಾಗಿದೆ. ಇವರು ಅಂಗಡಿಯ ಕಂಪ್ಯೂಟರಿನಲ್ಲಿ ನೋಡಿ ‘ಭೇಷ್’ ಅಂದರು. ನಾದಿನಿಯೂ ಅದರಲ್ಲೇ ನೋಡಿದಳು. ಅವಳದು ಬಟನ್ ಫೋನು, ಪಾಪ.

ನೆಂಟರಿಗೆಲ್ಲ ಲಿಂಕ್ ಕಳಿಸಿದೆ. ಬೀದಿಯ ವರ್ತಕರ ಗ್ರೂಪಿಗೂ ಹಾಕಿದೆ. ಹೊಸದೇನು ಮಾಡಿಸಿದರೂ ಎಲ್ಲರೂ ಅಲ್ಲಿ ಹಾಕುತ್ತಾರೆ. ಬಟ್ಟೆ ಅಂಗಡಿಯವನು ಬೋರ್ಡು ಬದಲಾಯಿಸಿದ್ದಕ್ಕೇ ಹಾಕಿದ್ದ.

ಕನ್ನಡಕದವನೂ ಇದ್ದಾನೆ ಆ ಗ್ರೂಪಿನಲ್ಲಿ. ಇರಲಿ. ಅವನನ್ನು ನಾನು ಸೇರಿಸಿದ್ದಲ್ಲವಲ್ಲ.

ಅದೇ ದಿನ. ಸಂಜೆ

ಮೊದಲು ಬಟ್ಟೆ ಅಂಗಡಿಯವನು. ಕಣ್ಣಲ್ಲಿ ನೀರು ಬರುವ ಹಾಗೆ ನಗುವ ಮುಖ ಒಂದು, ಅಷ್ಟೆ. ಆಮೇಲೆ ಪಾತ್ರೆ ಅಂಗಡಿಯವನು: ಇದು ನಿಮ್ಮ ಮನೆಯವರಲ್ವಾ? ಆಮೇಲೆ ಸಾಲು ಸಾಲು. ಕೈ ಮುಗಿದವರು, ಹೆಬ್ಬೆರಳು ಎತ್ತಿದವರು, ಪಾಪ ಅಂದವರು. ಪಾಪ ಅಂದವರೇ ಹೆಚ್ಚು.

ಕನ್ನಡಕದವನ ಹೆಸರಿನ ಮುಂದೆ ಎರಡು ನೀಲಿ ಗುರುತು, ನೋಡಿದ್ದಾನೆ. ಏನೂ ಬರೆಯಲಿಲ್ಲ.

ನಾದಿನಿ ಹಿಂದೆ ಗುನುಗುತ್ತಲೇ ಇದ್ದಳು. ನಾನು ಅವಳಿಗೆ ಊಟಕ್ಕೆ ಬಡಿಸಿದೆ. ಇನ್ನೊಂದು ಸ್ವಲ್ಪ ಹಾಕಿಕೋ ಅಂದೆ.

ಮಾರ್ಚ್ 23, ಭಾನುವಾರ

ಬಂದ.

ಬೆಳಿಗ್ಗೆಯಿಂದ ಅವಳು ಕನ್ನಡಿಯ ಮುಂದೆ ಮಾತು ಅಭ್ಯಾಸ ಮಾಡುತ್ತಿದ್ದಳು. ಒಳ್ಳೆಯ ಸೀರೆ. ಅವನು ಒಳಗೆ ಬರಲಿಲ್ಲ, ಕೌಂಟರಿನ ಆಚೆಯೇ ನಿಂತ. ನಾನು ಈಚೆ. ಇವರು ಮೂಲೆಯಲ್ಲಿ ಪೇಪರ್ ಹಿಡಿದುಕೊಂಡು.

‘ಒಳಗೆ ಬನ್ನಿ, ಒಂದು ವಿಷಯ ಹೇಳ್ಬೇಕು’ ಅಂದಳು.

‘ಇನ್ನೇನು ಹೇಳ್ತೀರಿ?’ ಮೊಬೈಲ್ ತೆಗೆದು ಅವಳ ಮುಖದ ಮುಂದೆ ಹಿಡಿದ.

ನೋಡಿದಳು. ಮೊದಲು ಅರ್ಥವಾಗಲಿಲ್ಲ ಅನ್ನಿಸುತ್ತದೆ. ಬೆರಳಿಂದ ಮುಟ್ಟಿದಳು. ಗೆರೆ ಸರಿಯಿತು, ಕೂದಲು ಬಂತು. ಮತ್ತೆ ಮುಟ್ಟಿದಳು, ಹೋಯಿತು.

‘ಕೂದಲಿಲ್ಲ ಅನ್ನೋದು ನನಗೆ ದೊಡ್ಡದಲ್ಲ ರೀ’ ಅಂದ. ಕನ್ನಡಕ ತೆಗೆದು ಒರೆಸುತ್ತಿದ್ದ. ‘ಬೀದಿಗೆಲ್ಲ ಹೇಳಿ ನನಗೆ ಹೇಳಲಿಲ್ಲವಲ್ಲ. ಬಟ್ಟೆ ಅಂಗಡಿಯವನ ನಗುವಿನ ಜೊತೆ ನಾನಿದನ್ನ ನೋಡಬೇಕಾಯ್ತು. ನಮ್ಮಮ್ಮ ನಿಮ್ಮ ಕೂದಲು ಸವರಿದ್ದನ್ನ ಊರಿಗೆಲ್ಲ ಹೇಳ್ಕೊಂಡು ಬಂದಿದ್ರು. ಈಗ ಮನೆಯಿಂದ ಆಚೆ ಬರ್ತಿಲ್ಲ.’

‘ಇವತ್ತು ಹೇಳೋಣ ಅಂತ...’

‘ಇವತ್ತು!’

ಅವನು ನನ್ನ ಕಡೆ ತಿರುಗಿದ. ‘ನೀವಾದ್ರೂ ಹೇಳಿ. ಇದು ಇವರಿಗೆ ಗೊತ್ತಿಲ್ಲದೆ ಬಂದಿದ್ದಾ? ಹೌದು ಅನ್ನಿ, ಈಗಲೇ ಕಾಲು ಹಿಡಿದು ಕ್ಷಮೆ ಕೇಳ್ತೀನಿ.’

ಅವಳೂ ನನ್ನನ್ನೇ ನೋಡುತ್ತಿದ್ದಳು. ಒಂದು ಮಾತು. ‘ಗೊತ್ತಿರಲಿಲ್ಲ’ ಅಂದಿದ್ದರೆ ಮುಗಿದಿತ್ತು.

‘ಅವಳು ನೋಡಿ, ಒಪ್ಪಿದ ಮೇಲೇ ಹಾಕಿದ್ದು’ ಅಂದೆ.

ಸುಳ್ಳಲ್ಲವಲ್ಲ! ಒಂದಕ್ಷರ ಸುಳ್ಳಲ್ಲ. ಅವಳನ್ನೇ ಕೇಳಿದ. ಅವಳು ತಲೆ ತಗ್ಗಿಸಿ, ‘ನೋಡಿದ್ದೆ’ ಅಂದಳು. ನೋಡಿದ್ದಳು, ಕಂಪ್ಯೂಟರಿನಲ್ಲಿ. ಅದನ್ನು ವಿವರಿಸುವಷ್ಟು ಉಸಿರು ಅವಳಲ್ಲಿ ಉಳಿದಿರಲಿಲ್ಲ. ಅವನು ಕನ್ನಡಕ ಹಾಕಿಕೊಂಡು ರಸ್ತೆ ದಾಟಿದ. ಶಟರ್ ಎಳೆದ ಸದ್ದು ಇಲ್ಲಿಗೆ ಕೇಳಿಸಿತು.

ಇವರು ಪೇಪರ್ ಕೆಳಗಿಟ್ಟು, ‘ಏನಾಯ್ತೇ ಇದು’ ಅಂದರು.

‘ವೆಬ್‌ಸೈಟಿನವಳ ಎಡವಟ್ಟು’ ಅಂದೆ.

ಅವಳನ್ನು ತಬ್ಬಿಕೊಂಡು ಸಮಾಧಾನ ಮಾಡಿದೆ. ನನ್ನನ್ನೇ ಅವುಚಿಕೊಂಡು ಅತ್ತಳು. ‘ನೀವೊಬ್ರೇ ಅತ್ತಿಗೆ ನನಗೆ’ ಅಂದಳು.

ಹೌದು. ಅದನ್ನೇ ನಾನೂ ಹೇಳುತ್ತಿದ್ದದ್ದು.

ಏಪ್ರಿಲ್ 4, ಶುಕ್ರವಾರ

ಬರೆಯಲು ಪುರುಸೊತ್ತಿಲ್ಲ. ಫೋನು! ವೆಬ್‌ಸೈಟಿನವಳು ಹೇಳಿದ್ದು ನಿಜ, ನಿಜವಾದ ಮನುಷ್ಯರನ್ನು ನೋಡಿದರೇ ಜನ ನಂಬುವುದು. ಫೋಟೋ ನೋಡಿದೆವು, ಫೋಟೋ ನೋಡಿದೆವು — ಎಲ್ಲರೂ ಅದನ್ನೇ.

‘ಫೋಟೋ ತೆಗೆಸಿಬಿಡು, ಅವಳಿಗೆ ಹಿಂಸೆ’ ಅಂದರು ಇವರು. ತೆಗೆಸುತ್ತೇನೆ ಅಂದೆ. ಇಷ್ಟು ಚೆನ್ನಾಗಿ ನಡೆಯುತ್ತಿರುವುದನ್ನು ತೆಗೆಸುವುದೆಂದರೆ ಹೊಟ್ಟೆಗೆ ತಾನೇ ಒದ್ದುಕೊಂಡ ಹಾಗೆ.

ಕನ್ನಡಕದ ಅಂಗಡಿ ಖಾಲಿ. ತಾಯಿಯನ್ನೂ ಕರೆದುಕೊಂಡು ಹೊರಟೇಹೋದ. ಬೋರ್ಡು ತೆಗೆದ ಜಾಗದಲ್ಲಿ ಗೋಡೆ ಬಿಳಿಯಾಗಿ ಕಾಣುತ್ತದೆ. ಶನಿ ತೊಲಗಿತು.

ನಾದಿನಿ ಕಟ್ಟುತ್ತಿದ್ದಾಳೆ. ಗುನುಗುವುದಿಲ್ಲ. ಮುಂಚೆ ಇದ್ದ ಹಾಗೇ ಆಯಿತು ಎಲ್ಲ. ನನಗೆ ಬೇಕಿದ್ದುದು ಇಷ್ಟೇ.

ಏಪ್ರಿಲ್ 12, ಶನಿವಾರ

ಇವತ್ತು ಬೆಳಿಗ್ಗೆ ವಿಗ್ ಹಾಕಿಕೊಳ್ಳದೇ ಹೊರಗೆ ಬಂದಳು.

ಸೀದಾ ಕೌಂಟರಿಗೆ. ಸ್ಕಾರ್ಫೂ ಇಲ್ಲ. ಮರದ ತಲೆಯನ್ನೂ ಟೀಚರ್‌ದು ಕಟ್ಟುತ್ತಿದ್ದ ಬಲೆಯನ್ನೂ ಎತ್ತಿಕೊಂಡು ಬಂದು ಗಾಜಿನ ಕಿಟಕಿಯ ಹತ್ತಿರ ಕುರ್ಚಿ ಹಾಕಿ ಕೂತಳು.

‘ಏನೇ ಇದು?’

‘ಒಳಗೆ ಬೆಳಕು ಸಾಲಲ್ಲ ಅತ್ತಿಗೆ.’

‘ಬೀದಿ ನೋಡತ್ತೆ!’

‘ನೋಡಿ ಆಗಿದೆಯಲ್ಲ.’

ದಿನವಿಡೀ ಜನ ಗಾಜಿಗೆ ಮೂಗು ಒತ್ತಿ ನಿಂತರು. ಸಂಜೆಯ ಹೊತ್ತಿಗೆ ಅವರಿಗೇ ಬೇಜಾರಾಯಿತು.

ಏಪ್ರಿಲ್ 26, ಶನಿವಾರ

ಇದು ಸರಿಹೋಗುತ್ತಿಲ್ಲ. ಬಂದವರು ನನ್ನ ಮುಖ ನೋಡುವುದೇ ಇಲ್ಲ. ಸೀದಾ ಕಿಟಕಿಯ ಹತ್ತಿರ. ‘ಫೋಟೋದಲ್ಲಿರೋರು ನೀವೇ ಅಲ್ವಾ?’ ಅಂತ ಅವಳ ಕೈ ಹಿಡಿಯುತ್ತಾರೆ. ಅಲ್ಲೇ ಬೀದಿಗೆ ಕಾಣುವ ಹಾಗೆ ತಾವೂ ಸ್ಕಾರ್ಫ್ ಬಿಚ್ಚುತ್ತಾರೆ. ನಾಚಿಕೆಗೆಟ್ಟವರು! ದೊಡ್ಡಾಸ್ಪತ್ರೆಯ ನರ್ಸಮ್ಮ ಒಬ್ಬರು ಬಂದು ಗಂಟೆಗಟ್ಟಲೆ ಪಿಸಿಪಿಸಿ ಮಾತಾಡಿ ಹೋದರು. ನಾನು ಕೊಟ್ಟ ಕಾಫಿ ಆರಿ ಹೋಯಿತು, ಮುಟ್ಟಲಿಲ್ಲ.

ಹತ್ತೆಂಟು ವರ್ಷ ಕನ್ನಡಿ ಹಿಡಿದು ನಿಂತವಳು ನಾನು. ಈಗ ಕನ್ನಡಿಗೂ ನನಗೂ ವ್ಯತ್ಯಾಸವಿಲ್ಲ ಇವರಿಗೆ.

ಏಪ್ರಿಲ್ 28, ಸೋಮವಾರ

ಗೊತ್ತಾಯಿತು ಅವಳಿಗೆ.

ವೆಬ್‌ಸೈಟಿನವಳು ಅಂಗಡಿಗೇ ಬಂದಿದ್ದಳು, ಫೋನ್ ನಂಬರ್ ಇನ್ನೊಂದು ಸೇರಿಸಲು. ನಾದಿನಿ ಅವಳನ್ನು ನೋಡಿ, ‘ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ, ತಪ್ಪು ಎಲ್ಲರಿಗೂ ಆಗತ್ತೆ’ ಅಂದಳು. ಅವಳು ಕಣ್ಣು ಕಣ್ಣು ಬಿಟ್ಟಳು. ‘ಯಾವ ತಪ್ಪು? ನಿಮ್ಮ ಅತ್ತಿಗೆಗೆ ಮೊದಲೇ ತೋರಿಸಿದ್ದೆನಲ್ಲ. ನೀವು ಒಪ್ಪಿದ್ದೀರಿ ಅಂದ್ರು.’

ನಾನು ಅಲ್ಲೇ ಇದ್ದೆ. ಬಾಚಣಿಗೆಗಳನ್ನು ಜೋಡಿಸುತ್ತಿದ್ದೆ, ದೊಡ್ಡದರಿಂದ ಚಿಕ್ಕದಕ್ಕೆ.

ವೆಬ್‌ಸೈಟಿನವಳು ಹೋದ ಮೇಲೆ ನಾದಿನಿ ಸೂಜಿ ಕೆಳಗಿಟ್ಟಳು. ‘ಗೊತ್ತಿತ್ತಾ ಅತ್ತಿಗೆ?’

‘ಮರೆತುಬಿಟ್ಟೆ ಕಣೇ. ಆ ಕೆಲಸದ ಗಡಿಬಿಡಿಯಲ್ಲಿ...’

‘ಕೌಂಟರಿನಾಚೆ ನಿಂತು ಅವರು ಅಷ್ಟು ಕೇಳಿದ್ರಲ್ಲ ಅವತ್ತು. ನಿಮ್ಮನ್ನೇ ಕೇಳಿದ್ರು.’

ಕೂಗಲಿ ಅಂತ ಕಾದೆ. ಕೂಗಿದ್ದರೆ ನಾನೂ ಕೂಗುತ್ತಿದ್ದೆ, ನನ್ನಲ್ಲೂ ಮಾತು ಬೇಕಾದಷ್ಟಿತ್ತು. ಕೂಗಲಿಲ್ಲ. ಸೂಜಿ ಎತ್ತಿಕೊಂಡು ಮತ್ತೆ ಕಟ್ಟತೊಡಗಿದಳು. ಸಾಲು ಮುಗಿಸಿ ಎದ್ದಳು. ರಾತ್ರಿ ಊಟಕ್ಕೆ ಬರಲಿಲ್ಲ.

ಏಪ್ರಿಲ್ 30, ಬುಧವಾರ

ಹೊರಟಳು. ದೊಡ್ಡಾಸ್ಪತ್ರೆಗೆ. ಅಲ್ಲಿ ರೋಗಿಗಳಿಗೆ ಅಳತೆ ತೆಗೆದು ವಿಗ್ ಕಟ್ಟಿಕೊಡಲು ಒಂದು ರೂಮು ಕೊಡುತ್ತಾರಂತೆ, ಇರಲು ನರ್ಸಮ್ಮನ ಮನೆಯ ಮಹಡಿ. ಆ ನರ್ಸಮ್ಮ ಎಷ್ಟೋ ವರ್ಷದಿಂದ ಕರೆಯುತ್ತಿದ್ದರಂತೆ. ನಮಗೆ ಹೇಳೇ ಇಲ್ಲ.

ನಾನು ಬಾಗಿಲಿಗೆ ಅಡ್ಡ ನಿಂತೆ. ‘ಅನ್ನ ಹಾಕಿದ ಮನೆ ಇದು.’

‘ಹೌದು ಅತ್ತಿಗೆ. ಆದ್ರೆ ನಾನಿಲ್ಲಿ ಯಾಕೆ ಇದ್ದೆ ಗೊತ್ತಾ? ಬೇರೆ ಎಲ್ಲೇ ಹೋಗಿ ಕೂತ್ರೂ ಯಾವತ್ತೋ ಒಂದಿನ ಯಾರಾದ್ರೂ ನೋಡಿಬಿಡ್ತಾರೆ ಅನ್ನೋ ಭಯಕ್ಕೆ. ಎಲ್ರೂ ನೋಡಿ ಆಯ್ತಲ್ಲ. ಇನ್ನೇನಕ್ಕೆ ಇರ್ಲಿ?’

‘ಟೀಚರ್‌ದು ಅರ್ಧಕ್ಕೆ ನಿಂತಿದೆ!’

‘ಇನ್ನು ಸ್ವಲ್ಪವೇ ಉಳಿದಿದೆ. ಬಂದ್ರೆ ಅಲ್ಲಿಗೇ ಕಳ್ಸಿ, ಮುಗಿಸ್ಕೊಡ್ತೀನಿ.’

ಇವರು ಅವಳ ಬ್ಯಾಗ್ ಎತ್ತಿಕೊಂಡರು. ಇಬ್ಬರೂ ಬೀದಿಯ ನಡುವೆಯೇ ನಡೆದುಹೋದರು, ಮಟಮಟ ಮಧ್ಯಾಹ್ನ, ಬರಿದಲೆ ಹೊಳೆಯುತ್ತಿತ್ತು. ಬಟ್ಟೆ ಅಂಗಡಿಯವನು ಎದ್ದು ನಿಂತ. ನಗಲಿಲ್ಲ ಅವನು.

ಇವರು ಸಂಜೆ ವಾಪಸು ಬಂದು ಉಂಡು ಮಲಗಿದರು. ನನ್ನ ಜೊತೆ ಮಾತಿಲ್ಲ.

ಮೇ 8, ಗುರುವಾರ

ಕೊಕ್ಕೆಸೂಜಿ ಹಿಡಿದು ಕೂತೆ. ಏನು ಮಹಾ, ಗಂಟು ತಾನೇ. ಬೆರಳಿಗೆ ಚುಚ್ಚಿತು. ಎಳೆ ಜಾರಿತು. ಜಾರದ ಕಡೆ ಬಲೆ ಹರಿಯಿತು. ಟೀಚರ್‌ದನ್ನು ಅವಳ ಹತ್ತಿರ ಕಳಿಸಲಾರೆ, ಕಳಿಸಿದರೆ ಉಳಿದವರೂ ಅಲ್ಲಿಗೇ. ಈಗ ಮುಂದಲೆಯ ಹತ್ತಿರ ಬೆರಳು ತೂರುವಷ್ಟು ತೂತು.

ಫೋನು ನಿಂತಿಲ್ಲ. ‘ಫೋಟೋದಲ್ಲಿರೋ ಅಮ್ಮ ಇದ್ದಾರಾ?’

‘ಇದ್ದಾರೆ, ಊಟಕ್ಕೆ ಹೋಗಿದ್ದಾರೆ.’

ಎಷ್ಟು ದಿನ ಊಟಕ್ಕೆ ಕಳಿಸಲಿ ಅವಳನ್ನು.

ಮೇ 14, ಬುಧವಾರ

ಟೀಚರ್ ಬಂದಿದ್ದರು. ತೂತು ನೋಡಿದರು. ಬೈಯಲಿಲ್ಲ. ಸ್ಕಾರ್ಫ್ ಕಟ್ಟಿಕೊಂಡು, ‘ಅವರು ಈಗ ಎಲ್ಲಿದ್ದಾರೆ?’ ಅಂತಷ್ಟೇ ಕೇಳಿದರು.

‘ಗೊತ್ತಿಲ್ಲ’ ಅಂದೆ.

ಮೂಲೆಯಿಂದ ಇವರು, ‘ದೊಡ್ಡಾಸ್ಪತ್ರೆ. ಮೊದಲನೇ ಮಹಡಿ, ಎಡಗಡೆ’ ಅಂದರು. ಎಷ್ಟೋ ದಿನದ ಮೇಲೆ ಇವರ ದನಿ ಕೇಳಿದ್ದು.

ಮೇ 19, ಸೋಮವಾರ. ಸಂಜೆ

ಹೋಗಿದ್ದೆ.

ಮಾತು ಸಿದ್ಧ ಮಾಡಿಕೊಂಡು ಹೋಗಿದ್ದೆ. ಅಣ್ಣನಿಗೆ ಎದೆನೋವು, ನಿನ್ನನ್ನ ನೋಡಬೇಕಂತೆ, ನಾಲ್ಕು ದಿನ ಬಂದು ಹೋಗು. ನಾಲ್ಕು ದಿನಕ್ಕೆ ಬಂದರೆ ಆಮೇಲೆ ನೋಡಿಕೊಳ್ಳುತ್ತೇನೆ. ಅಣ್ಣನ ಹೆಸರೆತ್ತಿದರೆ ಕರಗುತ್ತಾಳೆ.

ಉದ್ದ ಬೆಂಚು. ಸಾಲಾಗಿ ಹೆಂಗಸರು, ಯಾರ ತಲೆಯ ಮೇಲೂ ಏನೂ ಇಲ್ಲ. ನಾನೊಬ್ಬಳೇ ಕೂದಲಿನವಳು. ಎಲ್ಲರೂ ಒಂದು ಸಲ ನನ್ನ ಜಡೆ ನೋಡಿ ಕಣ್ಣು ತೆಗೆದರು. ‘ಕೂತ್ಕೊಳ್ಳಿ, ಸರದಿ ಪ್ರಕಾರ’ ಅಂದಳು ಒಬ್ಬಳು. ನಾನು ಮನೆಯವಳು ಅಂದೆ. ಯಾರೂ ಜಾಗ ಬಿಡಲಿಲ್ಲ. ಕೊನೆಯಲ್ಲಿ ಕೂತೆ. ಟೀಚರ್ ಒಳಗಿಂದ ಬಂದರು, ಮುಖ ಅರಳಿತ್ತು, ನನ್ನನ್ನು ನೋಡಿಯೂ ನೋಡದ ಹಾಗೆ ಹೋದರು.

‘ಮುಂದಿನವರು.’ ಅವಳದೇ ದನಿ.

ಒಳಗೆ ಹೋದೆ. ನೋಡಿದಳು. ಅತ್ತಿಗೆ ಅನ್ನಲಿಲ್ಲ. ಕುರ್ಚಿ ತೋರಿಸಿದಳು. ‘ಕೂತ್ಕೊಳ್ಳಿ.’

ಕೂತೆ. ಬಾಯಿ ತೆರೆಯುವಷ್ಟರಲ್ಲಿ ಟೇಪು ನನ್ನ ಹಣೆಗೆ ಸುತ್ತಿ ಬಂತು. ಅವಳ ಬೆರಳು ನನ್ನ ಜಡೆ ಬಿಚ್ಚಿತು, ನೆತ್ತಿ ಬಗೆದು ನೋಡಿತು, ಕಿವಿಯ ಹಿಂದೆ, ಕತ್ತಿನ ಹತ್ತಿರ. ಎಷ್ಟು ಮೆತ್ತಗೆ! ಯಾರೂ ನನ್ನ ತಲೆ ಮುಟ್ಟಿ ಎಷ್ಟು ವರ್ಷವಾಯಿತೋ. ಎದೆನೋವಿನ ಮಾತು ಮರೆತೇಹೋಯಿತು. ಅಳು ಬಂತು. ಹೌದು, ಬಂತು, ಬರೆಯುತ್ತಿದ್ದೇನೆ. ಈಗ ಕೇಳಿದರೆ ಏನು ಬೇಕಾದರೂ ಹೇಳಿಬಿಡುತ್ತಿದ್ದೆ. ಕೇಳಲಿ ಅಂತ ಕಾದೆ.

ಟೇಪು ಸುತ್ತಿ ಮೇಜಿನ ಮೇಲಿಟ್ಟಳು. ಗಿರಾಕಿಗಳಿಗೆ ಹೇಳುವ ಅದೇ ಸಮಾಧಾನದ ದನಿ.

‘ಚೆನ್ನಾಗಿದೆ. ನಿಮಗೆ ನನ್ನಿಂದ ಏನೂ ಬೇಕಾಗಿಲ್ಲ.’

ಬಾಗಿಲ ಕಡೆ ನೋಡಿ ಕರೆದಳು. ‘ಮುಂದಿನವರು.’

ಒಬ್ಬಳು ಆಗಲೇ ಒಳಗೆ ಬಂದು ಕುರ್ಚಿಯ ಬೆನ್ನಿಗೆ ಕೈಯಿಟ್ಟು ನಿಂತಿದ್ದಳು. ಎದ್ದೆ. ಜಡೆ ಹಾಗೇ ಬಿಚ್ಚಿಕೊಂಡಿತ್ತು. ಬೆಂಚಿನವರೆಲ್ಲ ನೋಡುತ್ತಿದ್ದರು. ಹೊಸಿಲ ಹತ್ತಿರ ತಿರುಗಿ ನಿಂತು, ಅವಳನ್ನು, ಎಲ್ಲರಿಗೂ ಕೇಳಿಸುವ ಹಾಗೆ, ನಾನು ‘ಬೋಳಿ’ ಅಂತ ಕರೆದೆ.